ಐರೋಪ್ಯ ಚಿತ್ರಶಾಲೆಗಳ ಯಾತ್ರೆ

ಯುರೋಪು ಖಂಡದ ಚಿತ್ರಶಾಲೆಗಳನ್ನು ತೋರಿಸಿಕೊಂಡು ಬರುತ್ತೇವೆಂದು ಹೇಳುವ ಪ್ರವಾಸ ಸಂಸ್ಥೆಗಳ ಜಾಹೀರಾತುಗಳು ಈಚೆಗೆ ನಮ್ಮಲ್ಲಿ ಹೇರಳವಾಗಿ ಪ್ರಕಟವಾಗುತ್ತಿವೆ. ಹನ್ನೆರಡು ಹದಿನೈದು ದಿನಗಳಲ್ಲಿ ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡಾಮ್, ವೆನಿಸ್, ಫ್ಲಾರೆನ್ಸ್, ರೋಮ್, ಮ್ಯಾಡ್ರಿಡ್; ಇಪ್ಪತ್ತು ಇಪ್ಪತ್ತೈದು ಜನರ ತಂಡ; ಕಲೆಯನ್ನು ಬಲ್ಲ ಒಬ್ಬ ಮಾರ್ಗದರ್ಶಿ; ಟಿಕೆಟ್ಟು, ವಸತಿ, ಊಟ, ಬಸ್ಸು ಎಲ್ಲವೂ ಸಂಸ್ಥೆಯವರದೇ ಏರ್ಪಾಡು. ಇಂತಹ ತಂಡಗಳಲ್ಲಿ ಹೋಗತಕ್ಕವರು ಶ್ರೀಮಂತರು ಮಾತ್ರವಲ್ಲ. ನಿವೃತ್ತರಾದ ಉಪಾಧ್ಯಾಯರೂ, ಬ್ಯಾಂಕಿನ ನೌಕರರೂ, ಮಕ್ಕಳ ವಿದ್ಯಾಭ್ಯಾಸದ ಹೊಣೆಯನ್ನು ಕಳೆದುಕೊಂಡ ದಂಪತಿಗಳೂ ಜೀವಮಾನದಲ್ಲಿ ಒಮ್ಮೆ ಎಂದು ಕೂಡಿಟ್ಟ ಹಣವನ್ನು ಇದಕ್ಕಾಗಿ ವ್ಯಯಿಸುತ್ತಾರೆ. ಆ ಹಣಕ್ಕೆ ಪ್ರತಿಯಾಗಿ ಅವರಿಗೆ ಏನು ದೊರೆಯತಕ್ಕದ್ದು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರಷ್ಟೆ. ಆ ಮಾತಿನಲ್ಲಿ ಎರಡು ಕೆಲಸಗಳಿವೆ. ಪ್ರವಾಸ ಸಂಸ್ಥೆಯು ಹಣ ಪಡೆದು ಮಾಡಿಸಬಲ್ಲದ್ದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ಯಾತ್ರಿಕನೇ ಮಾಡಿಕೊಳ್ಳಬೇಕು. ಅದನ್ನು ಮಾಡದೆ ಹೊರಟವನು ಹತ್ತು ಅರಮನೆಗಳ ಮೆಟ್ಟಿಲುಗಳನ್ನು ಹತ್ತಿಳಿದು, ಕಾಲುನೋವನ್ನೂ ಕೆಲವು ನೂರು ಛಾಯಾಚಿತ್ರಗಳನ್ನೂ ಹೊತ್ತು ಮನೆಗೆ ಬರುವನೆಂಬುದರಲ್ಲಿ ಸಂದೇಹವಿಲ್ಲ.

ಗುಂಪು ಕಟ್ಟಿಕೊಂಡು ಹೋಗುವುದನ್ನು ಹಾಸ್ಯ ಮಾಡುವವರು ಅನೇಕರಿದ್ದಾರೆ. ಅವರೊಡನೆ ನಾವು ಸೇರಲಾರೆವು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಚಿತ್ರಗಳನ್ನೂ ಶಿಲ್ಪಗಳನ್ನೂ ನೋಡುವ ಭಾಗ್ಯವು ಇಂಗ್ಲೆಂಡಿನ ಜಮೀನುದಾರರ ಪುತ್ರರಿಗೆ ಮೀಸಲಾಗಿತ್ತು. ಅವರು ಒಬ್ಬ ಗುರುವನ್ನೂ ಇಬ್ಬರು ಮೂವರು ಸೇವಕರನ್ನೂ ಕಟ್ಟಿಕೊಂಡು ವರ್ಷಗಟ್ಟಲೆ ಸಂಚರಿಸುತ್ತಿದ್ದರು. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬಾತನು ಮದ್ಯಪಾನ ವಿರೋಧಿಗಳ ಒಂದು ಸಭೆಗಾಗಿ ಸುಮಾರು ಐದು ನೂರು ಜನರನ್ನು ತಲೆಗೆ ಒಂದು ಷಿಲ್ಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋ ಪಟ್ಟಣಕ್ಕೆ ರೈಲಿನಲ್ಲಿ ಕರೆದೊಯ್ದನು. 1855ರಲ್ಲಿ ಅವನ ತಂಡಗಳು ಪ್ಯಾರಿಸ್ಸಿನ ಮಹಾಪ್ರದರ್ಶನಕ್ಕೂ, 1864ರಲ್ಲಿ ಇಟಲಿಗೂ ಹೋದುವು. ಗುಮಾಸ್ತೆಯೂ, ಶಾಲೆಯ ಉಪಾಧ್ಯಾಯಿನಿಯೂ ಮೈಕೆಲೇಂಜೆಲೊವಿನ ಕೃತಿಯ ಮುಂದೆ ನಿಲ್ಲುವಂತಾದುದು ಹೀಗೆ. ಆ ಸಂಸ್ಥೆಯು 2019ರಲ್ಲಿ ಸಾಲದ ಭಾರದಿಂದ ಕುಸಿದುಬಿದ್ದಿತು. ಆದರೆ ಅದು ಹಾಕಿಕೊಟ್ಟ ಪದ್ಧತಿಯಲ್ಲಿಯೇ ಇಂದು ನಮ್ಮವರೂ ಹೊರಟಿದ್ದಾರೆ.

ಪ್ಯಾರಿಸ್ಸಿನಿಂದಲೇ ಆರಂಭಿಸೋಣ. ಲೂವ್ರ್ ಎಂಬುದು ಫ್ರಾನ್ಸಿನ ದೊರೆಗಳ ಅರಮನೆಯಾಗಿತ್ತು. ಮಹಾಕ್ರಾಂತಿಯ ಕಾಲದಲ್ಲಿ, 1793ರ ಆಗಸ್ಟ್ 10ರಂದು, ಅದನ್ನು ಜನತೆಯ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ರಾಜನ ಸ್ವತ್ತಾಗಿದ್ದ ಚಿತ್ರಗಳು ರಾಷ್ಟ್ರದ ಸ್ವತ್ತಾದುವು. ಇಂದು ಅಲ್ಲಿಗೆ ಬರುವ ಜನರ ಸಂಖ್ಯೆ ಅಪಾರ. 2024ರಲ್ಲಿ ಸುಮಾರು 87 ಲಕ್ಷ ಮಂದಿ ಬಂದರು. ಈ ನೂಕುನುಗ್ಗಲನ್ನು ತಾಳಲಾರದೆ 2025ರ ಜೂನ್ 16ರಂದು ಅಲ್ಲಿಯ ನೌಕರರೇ ಕೆಲಸ ನಿಲ್ಲಿಸಿ, ಬಾಗಿಲು ತೆರೆಯುವುದು ಗಂಟೆಗಟ್ಟಲೆ ತಡವಾಯಿತು. ಬಂದವರಲ್ಲಿ ಬಹುಮಂದಿ ನೇರವಾಗಿ ಓಡುವುದು ಮೋನಾ ಲೀಸಾ ಇರುವ ಸಭಾಂಗಣಕ್ಕೆ. ಆ ಚಿತ್ರವು 77 ಸೆಂಟಿಮೀಟರು ಎತ್ತರ, 53 ಸೆಂಟಿಮೀಟರು ಅಗಲದ ಒಂದು ಮರದ ಹಲಗೆ. ಅದನ್ನು ಗಾಜಿನ ಹಿಂದೆ ಇಟ್ಟಿದ್ದಾರೆ. ಜನರು ಸಾಲಿನಲ್ಲಿ ಸರಿದು, ಕೈಯೆತ್ತಿ ಅದರ ಛಾಯಾಚಿತ್ರವನ್ನು ತೆಗೆದುಕೊಂಡು, ಕ್ಷಣಮಾತ್ರದಲ್ಲಿ ಪಕ್ಕಕ್ಕೆ ತಳ್ಳಲ್ಪಡುತ್ತಾರೆ.

ಅದೇ ಕೋಣೆಯಲ್ಲಿ, ಅದೇ ಜನರ ಬೆನ್ನ ಹಿಂದೆ, ಲೂವ್ರಿನ ಅತ್ಯಂತ ದೊಡ್ಡ ಚಿತ್ರವು ತೂಗುತ್ತಿದೆ. ವೆನಿಸ್ಸಿನ ವೆರೊನೀಸನು 1563ರಲ್ಲಿ ಮುಗಿಸಿದ ‘ಕಾನಾದ ವಿವಾಹ’ವೇ ಅದು. ಎತ್ತರವು ಸುಮಾರು ಏಳು ಮೀಟರು, ಅಗಲವು ಹತ್ತು ಮೀಟರಿಗೆ ಸ್ವಲ್ಪವೇ ಕಡಮೆ. ನೂರಕ್ಕೆ ಮೇಲ್ಪಟ್ಟ ಅತಿಥಿಗಳು, ವಾದ್ಯಗಾರರು, ಪರಿಚಾರಕರು, ನಾಯಿಗಳು. ನಡುವೆ ನೀರನ್ನು ದ್ರಾಕ್ಷಾರಸವನ್ನಾಗಿ ಮಾಡಿದ ಏಸು. ಈ ಚಿತ್ರವನ್ನು ಬರೆದುದು ವೆನಿಸ್ಸಿನ ಸಾನ್ ಜೋರ್ಜೊ ಮಜೋರೆ ಮಠದ ಭೋಜನಶಾಲೆಯ ಗೋಡೆಗಾಗಿ. 1797ರಲ್ಲಿ ನೆಪೋಲಿಯನ್ನನ ಸೈನಿಕರು ಅದನ್ನು ಗೋಡೆಯಿಂದಿಳಿಸಿ, ಕತ್ತರಿಸಿ, ಸುತ್ತಿ, ಪ್ಯಾರಿಸ್ಸಿಗೆ ಸಾಗಿಸಿದರು. 1815ರಲ್ಲಿ ನೆಪೋಲಿಯನ್ನನ ಪತನದ ನಂತರ ಇಟಲಿಯಿಂದ ತಂದ ಅನೇಕ ಕೃತಿಗಳು ಹಿಂದಿರುಗಿದುವು. ರೋಮಿನ ಲಾವೊಕೂನ್ ಶಿಲ್ಪವೂ, ವೆನಿಸ್ಸಿನ ಸಂತ ಮಾರ್ಕನ ದೇವಾಲಯದ ನಾಲ್ಕು ಕಂಚಿನ ಕುದುರೆಗಳೂ ತಮ್ಮ ಊರನ್ನು ಸೇರಿದುವು. ಆದರೆ ಈ ಚಿತ್ರವನ್ನು ಮಾತ್ರ, ಪ್ರಯಾಣವನ್ನು ತಾಳಲಾರದೆಂಬ ಕಾರಣ ಹೇಳಿ, ಫ್ರೆಂಚರು ಉಳಿಸಿಕೊಂಡರು. ಅದಕ್ಕೆ ಬದಲಾಗಿ ಲ ಬ್ರನ್ ಎಂಬ ತಮ್ಮ ಚಿತ್ರಕಾರನ ಒಂದು ಕೃತಿಯನ್ನು ಕೊಟ್ಟರು. ಅಲ್ಲಿಗೆ ಹೋಗುವಾಗ ತಾಳಿದ ಚಿತ್ರವು ಹಿಂದಿರುಗುವಾಗ ತಾಳದೆಂಬ ತರ್ಕವನ್ನು ವಾಚಕರೇ ತೂಗಿ ನೋಡಬಹುದು.

ಮೋನಾ ಲೀಸಾಳ ಕಥೆಯು ಇದಕ್ಕೆ ತದ್ವಿರುದ್ಧವಾದುದು. 1911ರ ಆಗಸ್ಟಿನಲ್ಲಿ ವಿನ್ಚೆಂಜೊ ಪೆರುಜಾ ಎಂಬ ಇಟಲಿಯ ಕೆಲಸಗಾರನು ಅದನ್ನು ಲೂವ್ರಿನಿಂದ ಕದ್ದನು. 1913ರಲ್ಲಿ ಫ್ಲಾರೆನ್ಸಿನಲ್ಲಿ ಸಿಕ್ಕಿಬಿದ್ದಾಗ, ನೆಪೋಲಿಯನ್ನನು ದೋಚಿದುದನ್ನು ತಾಯ್ನಾಡಿಗೆ ಹಿಂದಿರುಗಿಸಲು ಬಂದೆನೆಂದು ಹೇಳಿಕೊಂಡನು. ನೆಪೋಲಿಯನ್ನನು ಅದನ್ನು ದೋಚಿರಲಿಲ್ಲ. ಲಿಯೊನಾರ್ಡೊ ಡಾ ವಿಂಚಿಯು ತನ್ನ ಮುಪ್ಪಿನಲ್ಲಿ ಅದನ್ನು ತಾನೇ ಫ್ರಾನ್ಸಿಗೆ ಕೊಂಡೊಯ್ದಿದ್ದನು. ಒಂದನೆಯ ಫ್ರಾನ್ಸ್ವಾ ದೊರೆಯು ಅದನ್ನು ತನ್ನದಾಗಿಸಿಕೊಂಡನು. ಇಂತು, ಇಂದು ಒಂದೇ ಕೋಣೆಯ ಎದುರುಬದರು ಗೋಡೆಗಳ ಮೇಲೆ, ನ್ಯಾಯವಾಗಿ ಬಂದುದೊಂದು, ದೋಚಿ ತಂದುದೊಂದು, ಎರಡು ಚಿತ್ರಗಳಿವೆ. ಜನಸಮೂಹವು ಮೊದಲನೆಯದಕ್ಕೆ ಮುಖವನ್ನೂ ಎರಡನೆಯದಕ್ಕೆ ಬೆನ್ನನ್ನೂ ತೋರಿಸಿ ನಿಂತಿದೆ. ಮಾರ್ಗದರ್ಶಿಯೆಂಬವನು ಏತಕ್ಕೆ ಬೇಕು ಎಂದು ಯಾರಾದರೂ ಕೇಳಿದರೆ, ಜನರನ್ನು ಆ ಕೋಣೆಯಲ್ಲಿ ಒಮ್ಮೆ ಹಿಂದಿರುಗಿಸಿ ನಿಲ್ಲಿಸುವುದಕ್ಕೆ ಎಂದು ನಾವು ಹೇಳುವೆವು.

ವೆನಿಸ್ಸಿನ ಆ ಮಠದ ಗೋಡೆಯು ಬಹುಕಾಲ ಬರಿದಾಗಿತ್ತು. 2007ರಲ್ಲಿ ಅಲ್ಲಿ ಆ ಚಿತ್ರದ ಒಂದು ಪ್ರತಿಕೃತಿಯನ್ನು, ಮೂಲದ ಅಳತೆಯಲ್ಲಿಯೇ, ಯಂತ್ರಗಳಿಂದ ಎಳೆಎಳೆಯಾಗಿ ಅಳೆದು ಮಾಡಿಸಿ ನಿಲ್ಲಿಸಿದ್ದಾರೆ. ಮೂಲವು ಪರಸ್ಥಳದಲ್ಲಿ, ಪ್ರತಿಯು ಸ್ವಸ್ಥಳದಲ್ಲಿ! ಪಲ್ಲಾಡಿಯೊ ಕಟ್ಟಿದ ಆ ಭೋಜನಶಾಲೆಯಲ್ಲಿ ನಿಂತು ಅದನ್ನು ನೋಡಿದವರಿಗೆ, ಚಿತ್ರದೊಳಗಿನ ಕಂಬಗಳು ಕೋಣೆಯ ಕಟ್ಟಡದೊಡನೆ ಹೇಗೆ ಸೇರಿಕೊಳ್ಳುತ್ತವೆಂಬುದು ಗೋಚರವಾಗುವುದು. ಪ್ಯಾರಿಸ್ಸಿನಲ್ಲಿ ಮೂಲವನ್ನೂ ವೆನಿಸ್ಸಿನಲ್ಲಿ ಪ್ರತಿಯನ್ನೂ ಒಂದೇ ಪ್ರವಾಸದಲ್ಲಿ ನೋಡುವ ಏರ್ಪಾಡಿದ್ದರೆ, ಕಲೆಯು ಸ್ಥಳಕ್ಕೆ ಎಷ್ಟರಮಟ್ಟಿಗೆ ಸೇರಿದುದೆಂಬ ಪ್ರಶ್ನೆಯು ಉಪನ್ಯಾಸವಿಲ್ಲದೆಯೇ ಮನಸ್ಸಿಗೆ ಬರುವುದು. ಇದೇ ವೆನಿಸ್ಸಿನವರು ತಮ್ಮ ಕಂಚಿನ ಕುದುರೆಗಳನ್ನು 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆಗೊಂಡ ಕಾಲದಲ್ಲಿ ತಂದರೆಂಬುದನ್ನೂ ಮರೆಯಬಾರದು.

ಫ್ಲಾರೆನ್ಸಿನಲ್ಲಿ ಕಲಿಯಬೇಕಾದ ಪಾಠವು ಬೇರೆಯದು. ಅಲ್ಲಿಯ ಮೆಡಿಚಿ ಮನೆತನದ ಕೊನೆಯ ಕುಡಿಯಾದ ಆನ್ನಾ ಮರಿಯಾ ಲುಯೀಸಾ ಎಂಬ ಮಹಿಳೆಯು 1737ರಲ್ಲಿ, ರಾಜ್ಯವು ಪರರ ಪಾಲಾಗುತ್ತಿರುವಾಗ, ಹೊಸ ದೊರೆಗಳೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡಳು. ತನ್ನ ಮನೆತನವು ಕೂಡಿಸಿದ ಚಿತ್ರ, ಶಿಲ್ಪ, ಗ್ರಂಥ, ರತ್ನಗಳೆಲ್ಲವೂ ರಾಜ್ಯದ ಅಲಂಕಾರಕ್ಕೂ, ಜನರ ಉಪಯೋಗಕ್ಕೂ, ಪರದೇಶೀಯರ ಕುತೂಹಲವನ್ನು ಸೆಳೆಯುವುದಕ್ಕೂ ಆ ನಗರದಲ್ಲಿಯೇ ಇರತಕ್ಕದ್ದೆಂದೂ, ಒಂದನ್ನೂ ಹೊರಗೆ ಸಾಗಿಸಕೂಡದೆಂದೂ ಅದರಲ್ಲಿ ಬರೆಸಿದಳು. ರಾಜ್ಯವನ್ನು ಉಳಿಸಿಕೊಳ್ಳಲಾರದ ಒಬ್ಬ ಹೆಂಗಸು ಊರಿನ ಕಲಾಸಂಪತ್ತನ್ನು ಒಂದು ಕಾಗದದ ಬಲದಿಂದ ಉಳಿಸಿದಳು. 1769ರಲ್ಲಿ ಉಫೀಜಿ ಚಿತ್ರಶಾಲೆಯನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಬೊಟ್ಟಿಚೆಲ್ಲಿಯ ಚಿತ್ರಗಳ ಮುಂದೆ ನಿಲ್ಲುವ ಪ್ರತಿಯೊಬ್ಬ ಪರದೇಶೀಯನೂ ಆಕೆಗೆ ಋಣಿ.

ಅದೇ ನಗರದಲ್ಲಿ 1966ರ ನವೆಂಬರ್ 4ರಂದು ಆರ್ನೊ ನದಿಯು ಉಕ್ಕಿ, ಕೆಸರೂ ಎಣ್ಣೆಯೂ ಬೆರೆತ ನೀರು ದೇವಾಲಯಗಳಿಗೂ ಗ್ರಂಥಾಲಯಕ್ಕೂ ನುಗ್ಗಿತು. ಸಾಂತಾ ಕ್ರೋಚೆಯಲ್ಲಿದ್ದ ಚಿಮಾಬುಯೆಯ ಶಿಲುಬೆಯ ಚಿತ್ರವು ತನ್ನ ಬಣ್ಣದ ಬಹುಭಾಗವನ್ನು ಕಳೆದುಕೊಂಡಿತು. ನಾನಾ ದೇಶಗಳ ಯುವಕ ಯುವತಿಯರು ಯಾರೂ ಕರೆಯದೆ ಬಂದು, ಕೆಸರಿನಲ್ಲಿ ನಿಂತು, ಪುಸ್ತಕಗಳನ್ನೂ ಹಲಗೆಗಳನ್ನೂ ಕೈಯಿಂದ ಕೈಗೆ ದಾಟಿಸಿದರು. ಊರಿನವರು ಅವರನ್ನು ಕೆಸರಿನ ದೇವತೆಗಳೆಂದು ಕರೆದರು. ಚಿಮಾಬುಯೆಯ ಶಿಲುಬೆಯಲ್ಲಿ ಕಳೆದುಹೋದ ಭಾಗಗಳನ್ನು ಮೊದಲಿನಂತೆ ಕಾಣುವ ಹಾಗೆ ಬರೆದು ತುಂಬಿಸದೆ, ನಷ್ಟವು ನಷ್ಟವೆಂದೇ ತಿಳಿಯುವಂತೆ ಉಳಿಸಿಕೊಂಡಿದ್ದಾರೆ.

ಚಿತ್ರಗಳ ರಕ್ಷಣೆಯು ಎಷ್ಟು ಸೂಕ್ಷ್ಮವಾದ ಕಾರ್ಯವೆಂಬುದನ್ನು ಪಾಡುವಾದಲ್ಲಿ ಕಾಣಬಹುದು. ಅಲ್ಲಿಯ ಸ್ಕ್ರೊವೆನ್ಯಿ ಮಂದಿರದ ಗೋಡೆಗಳ ಮೇಲೆ ಜೊಟ್ಟೊ ಎಂಬ ಚಿತ್ರಕಾರನು 1305ರ ಸುಮಾರಿಗೆ ಬರೆದ ಚಿತ್ರಗಳಿವೆ. ಒಳಗೆ ಹೋಗುವ ಮೊದಲು ಚಿಕ್ಕ ತಂಡವೊಂದನ್ನು ಗಾಜಿನ ಕೋಣೆಯಲ್ಲಿ ಕಾಲು ಗಂಟೆ ಕೂರಿಸುತ್ತಾರೆ. ನಮ್ಮ ಮೈಯ ತೇವವೂ ಬಟ್ಟೆಯ ಧೂಳೂ ಕಡಮೆಯಾದ ಮೇಲೆ ಒಳಗೆ ಬಿಡುತ್ತಾರೆ. ಮಿಲಾನಿನ ‘ಕೊನೆಯ ಭೋಜನ’ದ ಮುಂದೆ ನಿಲ್ಲುವುದಕ್ಕೂ ಕಾಲು ಗಂಟೆಯೇ ಮಿತಿ. 1943ರ ಆಗಸ್ಟಿನಲ್ಲಿ ಆ ಮಠದ ಮೇಲೆ ಬಾಂಬು ಬಿದ್ದು ಚಾವಣಿಯೂ ಒಂದು ಗೋಡೆಯೂ ಉರುಳಿದರೂ, ಮರಳಿನ ಮೂಟೆಗಳನ್ನು ಒಡ್ಡಿದ್ದ ಈ ಚಿತ್ರದ ಗೋಡೆಯು ನಿಂತಿತು. ರೋಮಿನ ಸಿಸ್ಟೈನ್ ಮಂದಿರದೊಳಗೆ ಮಾರ್ಗದರ್ಶಿಗಳು ಮಾತನಾಡಕೂಡದು. ಹೊರಗಿನ ಅಂಗಳದಲ್ಲಿ ಚಿತ್ರಪಟಗಳನ್ನು ತೋರಿಸಿ ಎಲ್ಲವನ್ನೂ ಹೇಳಿ ಮುಗಿಸಿ, ಒಳಗೆ ಮೌನವಾಗಿ ನಿಲ್ಲಬೇಕು. ಇಂತಹ ನಿಯಮಗಳನ್ನು ಕೆಲವು ಯಾತ್ರಿಕರು ಕಿರುಕುಳವೆಂದು ಭಾವಿಸುವರು. ಮೊದಲು ಕೇಳಿ, ಅನಂತರ ಸುಮ್ಮನಿದ್ದು ನೋಡುವುದೆಂಬ ಆ ಕ್ರಮವನ್ನು ಎಲ್ಲ ಚಿತ್ರಶಾಲೆಗಳಲ್ಲಿಯೂ ನಾವಾಗಿಯೇ ಅನುಸರಿಸಿದರೆ ಒಳ್ಳೆಯದೆಂದು ನಮಗೆ ತೋರುತ್ತದೆ.

ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ರೆಂಬ್ರಾಂಟನು 1642ರಲ್ಲಿ ಬರೆದ ‘ರಾತ್ರಿಯ ಪಹರೆ’ಯಿದೆ. ಅದು ರಾತ್ರಿಯ ಚಿತ್ರವೇ ಅಲ್ಲ. ಮೇಲೆ ಬಳಿದ ಮೆರುಗೆಣ್ಣೆಯು ಕಾಲಕ್ರಮದಲ್ಲಿ ಕಪ್ಪಾದುದರಿಂದ ಬಂದ ಹೆಸರು. ಊರನ್ನು ಕಾಯುವ ನಾಗರಿಕ ದಳವೊಂದು ಹೊರಡುತ್ತಿರುವ ನೋಟವದು. ದೊರೆಯೂ ಅಲ್ಲದ, ದೇವರೂ ಅಲ್ಲದ, ಊರಿನ ವರ್ತಕರೇ ಹಣ ಸೇರಿಸಿ ಬರೆಸಿಕೊಂಡ ಚಿತ್ರ. 1715ರಲ್ಲಿ ಅದನ್ನು ಪುರಭವನಕ್ಕೆ ಸಾಗಿಸಿದಾಗ ಅಲ್ಲಿಯ ಗೋಡೆಗೆ ಹೊಂದಲೆಂದು ನಾಲ್ಕು ಕಡೆಯೂ ಕತ್ತರಿಸಿದರು. ಆ ತುಂಡುಗಳು ಮತ್ತೆ ದೊರೆಯಲಿಲ್ಲ. 1975ರಲ್ಲಿ ಒಬ್ಬನು ಅದನ್ನು ಚಾಕುವಿನಿಂದ ಸೀಳಿದನು. 2019ರಿಂದ ತಜ್ಞರು ಅದರ ಪರೀಕ್ಷೆಯನ್ನೂ ಜೀರ್ಣೋದ್ಧಾರವನ್ನೂ ಗಾಜಿನ ಕೋಣೆಯೊಳಗೆ, ಜನರ ಕಣ್ಣೆದುರಿಗೇ ನಡೆಸಿದ್ದಾರೆ. ಹತ್ತಿರದ ಹೇಗ್ ನಗರದಲ್ಲಿ ವರ್ಮೀರನ ಮುತ್ತಿನ ಓಲೆಯ ಹುಡುಗಿಯಿದ್ದಾಳೆ. 1881ರಲ್ಲಿ ಹರಾಜಿನಲ್ಲಿ ಆ ಚಿತ್ರವು ಎರಡು ಗಿಲ್ಡರುಗಳಿಗೆ ಮಾರಾಟವಾಯಿತು. ಬೆಲೆಯನ್ನು ನೋಡಿ ಚಿತ್ರವನ್ನು ಮೆಚ್ಚುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆಯು ಬೇರೊಂದಿಲ್ಲ.

ಮ್ಯಾಡ್ರಿಡ್ಡಿನ ರೇಯ್ನಾ ಸೋಫಿಯಾ ಸಂಗ್ರಹಾಲಯದಲ್ಲಿ ಪಿಕಾಸೊವಿನ ‘ಗೆರ್ನಿಕಾ’ ಇದೆ. 1937ರ ಏಪ್ರಿಲ್ 26ರಂದು ಜರ್ಮನಿ, ಇಟಲಿಗಳ ವಿಮಾನಗಳು ಸ್ಪೇನಿನ ಆ ಪಟ್ಟಣವನ್ನು ಸುಟ್ಟುದಕ್ಕೆ ಚಿತ್ರಕಾರನು ಕೊಟ್ಟ ಉತ್ತರವದು. ತನ್ನ ದೇಶದಲ್ಲಿ ಜನರ ಸ್ವಾತಂತ್ರ್ಯವು ಮರಳಿ ಸ್ಥಾಪಿತವಾಗುವವರೆಗೆ ಚಿತ್ರವು ಅಲ್ಲಿಗೆ ಹೋಗಕೂಡದೆಂದು ಅವನು ವಿಧಿಸಿದ್ದನು. ಅವನು 1973ರಲ್ಲಿಯೂ ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿಯೂ ಮೃತರಾದರು. ನ್ಯೂಯಾರ್ಕಿನಲ್ಲಿ ಕಾದಿದ್ದ ಚಿತ್ರವು 1981ರಲ್ಲಿ ಸ್ಪೇನಿಗೆ ಬಂದಿತು. ಸ್ವದೇಶಕ್ಕೆ ಬರಲು ಸ್ವಾತಂತ್ರ್ಯವನ್ನೇ ಷರತ್ತಾಗಿ ಒಡ್ಡಿದ ಚಿತ್ರವೊಂದನ್ನು ನೋಡುವಾಗ, ಪರಾಧೀನತೆಯನ್ನು ಕಂಡ ದೇಶದಿಂದ ಬಂದ ನಮಗೆ ಯಾವ ವ್ಯಾಖ್ಯಾನವೂ ಬೇಕಾಗದು.

ಇನ್ನು ಲಂಡನ್. ಅಲ್ಲಿಯ ನ್ಯಾಷನಲ್ ಗ್ಯಾಲರಿಯೂ ಬ್ರಿಟಿಷ್ ಮ್ಯೂಸಿಯಮ್ಮೂ ಸ್ಥಾಯೀ ಸಂಗ್ರಹಗಳಿಗೆ ಪ್ರವೇಶ ಧನವನ್ನು ಕೇಳುವುದಿಲ್ಲ, ಇದು ಪ್ರಶಂಸನೀಯ. ಆದರೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಒಬ್ಬ ಯುರೋಪಿಯನ್ನನ ಮೇಲೆ ಎರಗಿದ ಮರದ ಹುಲಿಯೊಂದಿದೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ವಾದ್ಯವು ಗರ್ಜನೆಯನ್ನೂ ನರಳುವಿಕೆಯನ್ನೂ ಹೊರಡಿಸುವಂತೆ ಮಾಡಲಾಗಿದೆ. ಟಿಪ್ಪು ಸುಲ್ತಾನನ ಆ ಹುಲಿಯನ್ನು 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯವರು ಕೊಂಡೊಯ್ದರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಶಿಲೆಗಳಿವೆ. ಅಥೆನ್ಸಿನ ಪಾರ್ಥೆನಾನಿನಿಂದ ಎಲ್ಗಿನ್ ಪ್ರಭುವು ತೆಗೆಸಿ ತಂದ, 1816ರಲ್ಲಿ ಪಾರ್ಲಿಮೆಂಟು 35,000 ಪೌಂಡುಗಳಿಗೆ ಕೊಂಡ ಶಿಲ್ಪಗಳಿವೆ. 1963ರ ಕಾನೂನೊಂದು ಅವನ್ನು ಬಿಟ್ಟುಕೊಡಲು ಅಡ್ಡವಾಗಿದೆಯೆಂದು ಸಂಗ್ರಹಾಲಯದವರು ಹೇಳುತ್ತಾರೆ. ಕಾನೂನನ್ನು ಮಾಡಿದವರು ಅದನ್ನು ತಿದ್ದಲೂ ಬಲ್ಲರಷ್ಟೆ. ಫ್ರಾನ್ಸು 1892ರಲ್ಲಿ ಪಶ್ಚಿಮ ಆಫ್ರಿಕದ ಅಬೊಮೆಯಿಂದ ದೋಚಿದ 26 ವಸ್ತುಗಳನ್ನು 2021ರಲ್ಲಿ ಬೆನಿನ್ ದೇಶಕ್ಕೆ ಒಪ್ಪಿಸಿತು. ಡಚ್ಚರು 2023ರಲ್ಲಿ 478 ವಸ್ತುಗಳನ್ನು ಇಂಡೊನೇಷ್ಯ, ಶ್ರೀಲಂಕಾ ದೇಶಗಳಿಗೆ ಮರಳಿಸಲು ನಿರ್ಧರಿಸಿದರು. ಕ್ಯಾಂಡಿಯ ಅರಸನ ರತ್ನಖಚಿತವಾದ ಫಿರಂಗಿಯು ಅವುಗಳಲ್ಲೊಂದು.

ಇದನ್ನೆಲ್ಲ ಬರೆದುದು ದ್ವೇಷವನ್ನು ಹೊತ್ತು ಚಿತ್ರಶಾಲೆಗಳಿಗೆ ಹೋಗಿರೆಂದು ಹೇಳುವುದಕ್ಕಲ್ಲ. ನಮ್ಮ ಉಡುಪಿಯ ಸೀಮೆಯ ಕೆ. ಕೆ. ಹೆಬ್ಬಾರರು ಪ್ಯಾರಿಸ್ಸಿನ ಜುಲಿಯನ್ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿದರು. ಹಿಂದಿರುಗಿ ಅವರು ಚಿತ್ರಿಸಿದುದು ನಮ್ಮ ಜನರ ದುಡಿಮೆಯನ್ನೂ ಕುಣಿತವನ್ನೂ. ಶಿವರಾಮ ಕಾರಂತರು ಯುರೋಪನ್ನು ಕಂಡುಬಂದು ‘ಅಪೂರ್ವ ಪಶ್ಚಿಮ’ವನ್ನು ಬರೆದರು. ನೋಡಿದುದನ್ನು ಮೆಚ್ಚುವುದಕ್ಕೂ ತನ್ನತನವನ್ನು ಉಳಿಸಿಕೊಳ್ಳುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಇವರಿಬ್ಬರೇ ಸಾಕ್ಷಿ.

ನ್ಯಾಯವನ್ನು ಕೇಳುವವರು ತಮ್ಮ ಮನೆಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಯುರೋಪಿನ ಹೊರಗಿನಿಂದ ಬಂದವರು 22 ಯೂರೊಗಳ ಬದಲು 32 ಯೂರೊಗಳನ್ನು ತೆರಬೇಕೆಂದು ಲೂವ್ರಿನವರು 2025ರ ನವೆಂಬರಿನಲ್ಲಿ ನಿರ್ಧರಿಸಿ, 2026ರ ಜನವರಿಯಿಂದ ಅದಕ್ಕೆ ದಿನವನ್ನು ಗೊತ್ತುಮಾಡಿದರು. ಸರ್ವರಿಗೂ ಎಂದು ತೆರೆದ ಬಾಗಿಲಿನಲ್ಲಿ, ಪರದೇಶಗಳಿಂದ ತಂದ ವಸ್ತುಗಳನ್ನು ತೋರಿಸುವುದಕ್ಕೆ, ಪರದೇಶೀಯರಿಂದ ಹೆಚ್ಚು ಕೇಳುವುದು ಸರಿಯೆ ಎಂದು ನಾವು ಪ್ರಶ್ನಿಸಬಹುದು. ಆದರೆ ನಮ್ಮ ಹಂಪಿಯಲ್ಲಿ ಪರದೇಶದ ಯಾತ್ರಿಕನು ನಮಗಿಂತ ಹಲವು ಪಟ್ಟು ಹೆಚ್ಚು ತೆರುತ್ತಾನೆಂಬುದನ್ನು ಮುಚ್ಚಿಟ್ಟು ಆ ಪ್ರಶ್ನೆಯನ್ನು ಕೇಳಲಾಗದು.

ಕಡೆಯದಾಗಿ, ಹೊರಡತಕ್ಕವರಿಗೆ ಎರಡು ಮೂರು ಸೂಚನೆಗಳು. ಹಣ ಕಟ್ಟುವ ಮೊದಲು, ಯಾವ ಊರುಗಳೆಂದು ಕೇಳುವುದಕ್ಕಿಂತ, ಒಂದೊಂದು ಚಿತ್ರಶಾಲೆಯೊಳಗೆ ಎಷ್ಟು ಗಂಟೆಗಳೆಂದು ಕೇಳಿರಿ. ಹದಿನೈದು ದಿನಗಳಿಗೆ ಏಳು ನಗರಗಳಿಗಿಂತ ನಾಲ್ಕೇ ಲೇಸು. ಲೂವ್ರ್ ಮಂಗಳವಾರವೂ ಉಫೀಜಿ ಸೋಮವಾರವೂ ಮುಚ್ಚಿರುತ್ತವೆ. ‘ಹೊರಗಿನಿಂದ ದರ್ಶನ’ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಬರೆದಿದ್ದರೆ ಅದರ ಅರ್ಥವನ್ನು ವಿಚಾರಿಸಿರಿ. ಒಂದು ದಿನಕ್ಕೆ ಐದಾರು ಚಿತ್ರಗಳನ್ನು ಆರಿಸಿಕೊಂಡು, ಅವುಗಳ ವಿಷಯವನ್ನು ಹಿಂದಿನ ರಾತ್ರಿಯೇ ಓದಿಕೊಂಡು, ಪ್ರತಿಯೊಂದರ ಮುಂದೆಯೂ ಹತ್ತು ನಿಮಿಷ ಕುಳಿತಿರಿ. ಛಾಯಾಚಿತ್ರವನ್ನು ಕೊನೆಗೆ ತೆಗೆದುಕೊಂಡರೂ ಆದೀತು. ಇದನ್ನು ಯಾರು, ಯಾರಿಗಾಗಿ ಮಾಡಿದರು? ಇದು ಇಲ್ಲಿಗೆ ಹೇಗೆ ಬಂದಿತು? ಇದನ್ನು ಯಾರು ಕಾಪಾಡಿದರು? ಈ ಮೂರು ಪ್ರಶ್ನೆಗಳನ್ನು ಮಾರ್ಗದರ್ಶಿಯನ್ನು ಕೇಳಲು ಸಂಕೋಚಪಡಬೇಡಿರಿ. ಉತ್ತರ ಕೊಡಲಾರದವನಾದರೆ ಅವನು ದಾರಿಯನ್ನು ಮಾತ್ರ ಬಲ್ಲವನೆಂದು ತಿಳಿಯಿರಿ.

ಇದೇ ಮೂರು ಪ್ರಶ್ನೆಗಳನ್ನು ಹೊತ್ತು ಊರಿಗೆ ಬಂದವರು ಒಮ್ಮೆ ಬೇಲೂರಿಗೂ ಸೋಮನಾಥಪುರಕ್ಕೂ ಹೋಗಲಿ. ಅಲ್ಲಿಯ ವಿಗ್ರಹಗಳ ಪೀಠದಲ್ಲಿ ದಾಸೋಜ, ಚಾವಣ, ಮಲ್ಲಿತಮ್ಮ ಎಂದು ಶಿಲ್ಪಿಗಳು ತಮ್ಮ ಹೆಸರನ್ನು ಕನ್ನಡದಲ್ಲಿ ಕೆತ್ತಿದ್ದಾರೆ. ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಕಲ್ಲೇ ಹೇಳುತ್ತದೆ. ಮೂರನೆಯದಕ್ಕೆ ಉತ್ತರವನ್ನು ಹೇಳಬೇಕಾದವರು ನಾವು.